ದೊಡ್ಡವರು ಎಂದರೆ ಯಾರು?

(ಗಿರಣಿ ಕೆಲಸಗಾರರೂ ಪೇಟೆಯ ಸಣ್ಣ ವರ್ತಕರೂ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಈ ಸಭೆಯ ಮುಂದೆ ಒಂದು ಸೂಚನೆ ಬಂದಿದೆ. ನಮ್ಮ ನಡುವೆ 31 ವರ್ಷ ಮಗ್ಗದ ಖಾತೆಯಲ್ಲಿ ದುಡಿದು, ಎಷ್ಟೋ ಹುಡುಗರಿಗೆ ಎಳೆ ಹಾಕುವುದನ್ನೂ ಮುರಿದ ನೂಲು ಕೂಡಿಸುವುದನ್ನೂ ಕಲಿಸಿ, ಗಿರಣಿ ಬಿಟ್ಟು ಮನೆ ಸೇರಿರುವ ಹಿರಿಯರೊಬ್ಬರಿದ್ದಾರೆ. ಅವರಿಗೆ ಶಾಲು ಹೊದಿಸಬೇಕು, ಹಾರ ಹಾಕಬೇಕು, ಒಂದು ಬಿರುದು ಕೊಡಬೇಕು, ಅದಕ್ಕಾಗಿ ಚಂದಾ ಎತ್ತಬೇಕು ಎಂಬುದು ಸೂಚನೆ. ಬಿರುದು ಯಾವುದೆಂಬ ವಿಚಾರದಲ್ಲಿ ಮಾತ್ರ ಒಮ್ಮತವಾಗಿಲ್ಲ. ಕೆಲವರು ‘ಕಾರ್ಮಿಕ ಪಿತಾಮಹ’ ಎಂದರು, ಕೆಲವರು ‘ಕಾರ್ಮಿಕ ಧುರೀಣ’ ಎಂದರು, ಒಬ್ಬರು ‘ಮಗ್ಗದ ಭೀಷ್ಮ’ ಎಂದೂ ಬರೆದುಕೊಟ್ಟಿದ್ದಾರೆ. ತೀರ್ಮಾನಕ್ಕೆ ಮೊದಲು ಈ ಮಾತುಗಳನ್ನೊಮ್ಮೆ ತಕ್ಕಡಿಗೆ ಹಾಕಿ ನೋಡಬೇಕೆಂದು ಸಂಘದವರು ನಮಗೆ ಹೇಳಿದ್ದಾರೆ. ನಾವು ಹಿಂದೆ ಶಾಲೆಯಲ್ಲಿ ಮಕ್ಕಳಿಗೆ ತತ್ಸಮ ತದ್ಭವ ಬರೆಸುತ್ತಿದ್ದವರು. ಕಸುಬು ಬಿಟ್ಟರೂ ಆ ಚಟ ಬಿಟ್ಟಿಲ್ಲ. ಆದುದರಿಂದ ಮೊದಲು ಮಾತಿನ ಲೆಕ್ಕ, ಆಮೇಲೆ ದುಡ್ಡಿನ ಲೆಕ್ಕ.

ಮೊದಲಿಗೆ ‘ಧುರೀಣ’ ಎಂಬ ಮಾತನ್ನೇ ತೆಗೆದುಕೊಳ್ಳೋಣ. ಪತ್ರಿಕೆ ತೆರೆದರೆ ದಿನವೂ ಇಬ್ಬರು ಮೂವರು ಧುರೀಣರು ಕಾಣಿಸುತ್ತಾರೆ. ಸಂಸ್ಕೃತದಲ್ಲಿ ‘ಧುರ್’ ಎಂದರೆ ನೊಗ. ನೊಗ ಹೊರಬಲ್ಲ ಎತ್ತೇ ಧುರೀಣ. ‘ಧುರಂಧರ’ ಎಂದರೂ ಅದೇ. ಗಾಡಿ ಎಳೆಯುವವನು ಧುರೀಣನೇ ಹೊರತು ಗಾಡಿಯೊಳಗೆ ದಿಂಬಿಗೆ ಒರಗಿ ಕುಳಿತವನಲ್ಲ. ಈ ಲೆಕ್ಕದಿಂದ ನೋಡಿದರೆ ಮಂಡಿಯಲ್ಲಿ ಮೂಟೆ ಹೊರುವ ಹಮಾಲನಷ್ಟು ದೊಡ್ಡ ಧುರೀಣ ಈ ಊರಿನಲ್ಲಿ ಇನ್ನೊಬ್ಬನಿಲ್ಲ!

‘ಯಜಮಾನ’ ಎಂಬ ಮಾತನ್ನು ನೋಡಿ. ಮನೆಗೆ ಯಜಮಾನ, ಅಂಗಡಿಗೆ ಯಜಮಾನ, ಜಾತಿಗೆ ಯಜಮಾನ ಎನ್ನುತ್ತೇವೆ. ಮೂಲದಲ್ಲಿ ಯಜಮಾನನೆಂದರೆ ಯಜ್ಞ ಮಾಡಿಸುವವನು. ತನ್ನ ತುಪ್ಪ, ತನ್ನ ಸೌದೆ, ತನ್ನ ದಕ್ಷಿಣೆ, ಎಲ್ಲವನ್ನೂ ತನ್ನ ಕೈಯಿಂದ ಖರ್ಚು ಮಾಡುವವನು. ಖರ್ಚು ಯಾರದೋ ಅವನು ಯಜಮಾನ. ಇಂದು ಖರ್ಚು ಮನೆಮಂದಿಯದು, ಹುಕುಂ ಮಾತ್ರ ಯಜಮಾನನದು ಎಂಬಂತಾಗಿದೆ.

‘ಗುರು’ ಎಂದರೆ ಭಾರವುಳ್ಳದ್ದು. ಅದರ ಎದುರು ಮಾತು ‘ಲಘು’. ಛಂದಸ್ಸಿನಲ್ಲಿ ಗುರು ಲಘು ಹಾಕಿದವರಿಗೆಲ್ಲ ಇದು ಗೊತ್ತು. ಕಾಲೇಜುಗಳಲ್ಲಿ ‘ಡೀನ್’ ಎಂಬ ದೊಡ್ಡ ಅಧಿಕಾರಿ ಇರುತ್ತಾರಲ್ಲ, ಆ ಮಾತು ಲ್ಯಾಟಿನ್ ಭಾಷೆಯ ‘ಹತ್ತು’ ಎಂಬ ಸಂಖ್ಯೆಯಿಂದ ಬಂದದ್ದು: ಹತ್ತು ಮಂದಿಯ ಮೇಲಿನವನು ಎಂದರ್ಥ. ಇಂಗ್ಲಿಷ್ ಪತ್ರಿಕೆಗಳು ಹಿರಿಯ ವಕೀಲರನ್ನೂ ಹಿರಿಯ ಪತ್ರಕರ್ತರನ್ನೂ ‘ಡೋಯನ್’ ಎಂದು ಹೊಗಳುವಾಗ ಬಳಸುವುದು ಅದೇ ಮಾತಿನ ಫ್ರೆಂಚ್ ರೂಪ. ನಾವು ಕಚೇರಿಯಲ್ಲಿ ಕೈಮುಗಿದು ‘ಸರ್’ ಎನ್ನುವ ಮಾತಿನ ಬೇರು ಕೂಡ ‘ವಯಸ್ಸಿನಲ್ಲಿ ಹಿರಿಯನಾದವನು’ ಎಂಬುದೇ. ಇಂದು ಅರವತ್ತು ದಾಟಿದ ಹಮಾಲ ಇಪ್ಪತ್ತೈದರ ಗುಮಾಸ್ತನಿಗೆ ‘ಸರ್’ ಎನ್ನುತ್ತಾನೆ. ಆ ಗುಮಾಸ್ತ ತಿರುಗಿ ‘ಏನೋ, ಬಾರೋ’ ಎನ್ನುತ್ತಾನೆ. ಮಾತಿನ ಬೇರು ಒಂದು ಕಡೆ, ಫಲ ಇನ್ನೊಂದು ಕಡೆ.

ಇವೆಲ್ಲ ಪದವಿಯ ಹೆಸರುಗಳಾಗುವ ಮೊದಲು ಹೊರೆಯ ಹೆಸರುಗಳಾಗಿದ್ದವು ಎಂಬುದನ್ನು ಗಮನಿಸಿ. ಹೊರೆ ಯಾರ ಹೆಗಲ ಮೇಲಿತ್ತೋ ಅವರಿಗೆ ಜನ ಆ ಮಾತನ್ನು ಕೊಟ್ಟರು. ಕಾಲ ಕಳೆದಂತೆ ಹೊರೆ ಕೆಳಗಿಳಿಯಿತು, ಮಾತು ಮೇಲೇರಿತು.

ಇದು ಪೇಟೆಯಲ್ಲಿ ಹೇಗಾಯಿತೆಂದು ವರ್ತಕ ಮಿತ್ರರು ತಿಳಿಯಬೇಕು. ‘ಶೆಟ್ಟಿ’ ಎಂಬುದು ‘ಶ್ರೇಷ್ಠಿ’ ಎಂಬ ಮಾತಿನ ತದ್ಭವ. ವ್ಯಾಪಾರಿಗಳ ಕೂಟದಲ್ಲಿ ಎಲ್ಲರೂ ಶ್ರೇಷ್ಠನೆಂದು ಒಪ್ಪಿದವನಿಗೆ ಆ ಹೆಸರು. ಈಗ ಬಾಗಲಕೋಟೆ ಜಿಲ್ಲೆಯಲ್ಲಿರುವ ಐಹೊಳೆಯ ಹೆಸರಿನಲ್ಲಿ ‘ಅಯ್ಯಾವೊಳೆ ಐನೂರ್ವರು’ ಎಂಬ ವರ್ತಕ ಸಂಘ ನೂರಾರು ವರ್ಷ ನಡೆಯಿತು. ಅದರ ಶಾಸನಗಳು ಕನ್ನಡ ನಾಡಿನಲ್ಲಷ್ಟೇ ಅಲ್ಲ, ತೆಲುಗು ತಮಿಳು ನಾಡುಗಳಲ್ಲಿಯೂ ಸಿಂಹಳದಲ್ಲಿಯೂ ಸಿಕ್ಕಿವೆ. ಕಡಲಾಚೆಯ ಸುಮಾತ್ರದಲ್ಲಿಯೂ ಐನೂರ್ವರ ಹೆಸರಿನ ತಮಿಳು ಶಾಸನವೊಂದು ದೊರೆತಿದೆ. ಈ ಸಂಘದವರು ತಮ್ಮ ತಮ್ಮ ಸರಕಿನ ಮೇಲೆ ತಾವೇ ಕಾಣಿಕೆ ಹಾಕಿಕೊಂಡು ಗುಡಿಗೆ, ಧರ್ಮಕಾರ್ಯಕ್ಕೆ ಕೊಟ್ಟದ್ದನ್ನು ಕಲ್ಲಿನಲ್ಲಿ ಬರೆಸಿದ್ದಾರೆ. ಊರಿನ ವ್ಯಾಪಾರದ ಜವಾಬ್ದಾರಿ ಹೊತ್ತವನನ್ನು ‘ಪಟ್ಟಣಸ್ವಾಮಿ’ ಎನ್ನುತ್ತಿದ್ದರು. ‘ಪಟ್ಟಣಶೆಟ್ಟಿ’ ಎಂಬ ಮನೆತನದ ಹೆಸರು ಉತ್ತರ ಕರ್ನಾಟಕದಲ್ಲಿ ಇಂದಿಗೂ ಇದೆ. ಅಂದರೆ ದೊಡ್ಡ ವರ್ತಕನೆಂದರೆ ಕೂಟದ ನಡುವೆ ನಿಂತು ಲೆಕ್ಕ ಒಪ್ಪಿಸುವವನು.

ಇನ್ನು ‘ಸಾಹುಕಾರ’. ‘ಸಾಹು’ ಎಂಬುದು ‘ಸಾಧು’ ಎಂಬುದರಿಂದ ಬಂದದ್ದು. ಸಾಧು ಎಂದರೆ ಸಜ್ಜನ, ನಂಬಿಕೆಗೆ ಯೋಗ್ಯ. ಮಾತು ತಪ್ಪದ, ತೂಕ ತಪ್ಪದ ವ್ಯಾಪಾರಿ ಸಾಹುಕಾರ. ಈಗ ಆ ಮಾತಿನಲ್ಲಿ ಸಾಧುತನ ಕರಗಿ ಹಣ ಮಾತ್ರ ಉಳಿದಿದೆ. ಬಡ್ಡಿಗೆ ಕೊಡುವವನೂ ಸಾಹುಕಾರ, ಜಫ್ತಿ ತರುವವನೂ ಸಾಹುಕಾರ. ಇತ್ತ ನಂಬಿಕೆಯ ಮೇಲೆ ಗಿರಣಿಯ ಹೆಣ್ಣುಮಕ್ಕಳಿಗೆ ತಿಂಗಳುಗಟ್ಟಲೆ ಅಕ್ಕಿ ಬೇಳೆ ಉದ್ದರಿ ಕೊಡುವ ಚಿಕ್ಕ ಅಂಗಡಿಯವನನ್ನು ಯಾರೂ ಸಾಹುಕಾರನೆನ್ನುವುದಿಲ್ಲ. ಮಾತಿನ ಮೂಲಾರ್ಥ ಹಿಡಿದು ನೋಡಿದರೆ ಈ ಊರಿನ ನಿಜವಾದ ಸಾಹುಕಾರ ಅವನೇ.

ಈಗ ನಮ್ಮ ಗಿರಣಿಯೊಳಕ್ಕೆ ಬನ್ನಿ. ‘ಮೇಸ್ತ್ರಿ’ ಎಂಬ ಮಾತು ನಮಗೆ ಕನ್ನಡವೇ ಆಗಿಹೋಗಿದೆ. ಅದು ಪೋರ್ಚುಗೀಸರ ಹಡಗಿನಲ್ಲಿ ಬಂದ ‘ಮೆಸ್ತ್ರೆ’; ಅದರ ತಾಯಿ ಲ್ಯಾಟಿನ್. ಇಂಗ್ಲಿಷಿನ ‘ಮಾಸ್ಟರ್’ ಅದರ ತಮ್ಮ. ಲ್ಯಾಟಿನ್‌ನಲ್ಲಿ ಅದಕ್ಕೆ ‘ಹೆಚ್ಚಿನವನು’ ಎಂಬ ಅರ್ಥದ ಬೇರು. ಅದೇ ಭಾಷೆಯಲ್ಲಿ ‘ಕಡಿಮೆ’ ಎಂಬ ಬೇರಿನಿಂದ ಇನ್ನೊಂದು ಮಾತು ಹುಟ್ಟಿತು. ಯಾವುದು ಗೊತ್ತೇ? ‘ಮಿನಿಸ್ಟರ್’! ಅದರ ಅರ್ಥ ಸೇವಕ, ಊಳಿಗದವನು. ಹಾಗಾದರೆ ಮೇಸ್ತ್ರಿ ಹೆಚ್ಚಿನವನು, ಮಂತ್ರಿ ಕಡಿಮೆಯವನು. ಈ ಸಂಗತಿ ಮಂತ್ರಿಗಳಿಗೆ ತಿಳಿಯದಿದ್ದರೂ ಮತದಾರರಿಗೆ ತಿಳಿದಿರುವುದು ಒಳ್ಳೆಯದು.

ಮೇಸ್ತ್ರಿ ಹಡಗಿನಲ್ಲಿ ಬರುವ ಮೊದಲು ನಮ್ಮಲ್ಲಿ ಕುಶಲ ಕೆಲಸಗಾರನಿಗೆ ಗೌರವದ ಮಾತೇ ಇರಲಿಲ್ಲವೇ? ಇತ್ತು. ‘ಉಪಾಧ್ಯಾಯ’ ಎಂಬುದು ಸವೆದು ಸವೆದು ‘ಓಜ’ ಎಂದಾಯಿತು. ಕಲ್ಲುಕುಟಿಗನಿಗೂ ಕಮ್ಮಾರನಿಗೂ ನಮ್ಮ ಪೂರ್ವಿಕರು ಈ ಉಪಾಧ್ಯಾಯನ ಹೆಸರನ್ನೇ ಕೊಟ್ಟರು. 1117ರಲ್ಲಿ ಪ್ರತಿಷ್ಠೆಯಾದ ಬೇಲೂರು ಚನ್ನಕೇಶವ ದೇವಾಲಯದಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದವರು ತಾವು ಕಡೆದ ವಿಗ್ರಹಗಳ ಕೆಳಗೆ ತಮ್ಮ ಹೆಸರು ಬರೆದಿದ್ದಾರೆ. ದಾಸೋಜ ಎಂದರೆ ದಾಸ ಎಂಬ ಓಜ, ದಾಸ ಮೇಷ್ಟ್ರು. ಅರಸನ ಹೆಸರಿದ್ದ ಗುಡಿಯಲ್ಲಿ ಉಳಿ ಹಿಡಿದವನ ಹೆಸರೂ ಇದೆ. ನಮ್ಮ ಗಿರಣಿಯಲ್ಲಿ ನೇಯ್ದ ಯಾವ ಥಾನಿನ ಮೇಲೆ ನೇಯ್ದವನ ಹೆಸರಿದೆ? ಅಲ್ಲಿರುವುದು ಧಣಿಯ ಮುದ್ರೆ, ಕೆಲಸಗಾರನಿಗೆ ಹಾಜರಿ ಪುಸ್ತಕದ ನಂಬರು.

ಹಾಗೆಂದು ಕೆಲಸಗಾರರ ನಡುವಿನಿಂದ ಎದ್ದ ಹಿರಿಯರೆಲ್ಲ ಕೆಲಸಗಾರರ ಹಿತವನ್ನೇ ಕಾದರು ಎಂದು ತಿಳಿಯಬೇಡಿ. ‘ಮುಕ್ಕದ್ದಮ’ ಎಂಬುದು ಅರಬ್ಬಿ ಮಾತು. ಮುಂದೆ ನಿಲ್ಲಿಸಲ್ಪಟ್ಟವನು ಎಂದರ್ಥ. ಮುಂಬಯಿಯ ಗಿರಣಿಗಳಲ್ಲಿ ಇವನನ್ನು ಜಾಬರ್ ಎಂದೂ ಕರೆದರು. ಹೆಂಗಸರ ಖಾತೆಗಳಲ್ಲಿ ನಾಯ್ಕೀಣ ಎಂಬವಳಿದ್ದಳು. ಹಳ್ಳಿಯಿಂದ ಜನರನ್ನು ತರುವವನು ಅವನೇ, ಕೆಲಸ ಕೊಡಿಸುವವನು ಅವನೇ, ರಜೆ ಕೊಡುವವನು ಅವನೇ, ಸಾಲ ಕೊಡುವವನೂ ಅವನೇ. ಆದುದರಿಂದ ಕೆಲಸಕ್ಕೆ ಸೇರುವಾಗ ಅವನಿಗೆ ದಸ್ತೂರಿ, ಕೆಲಸ ಉಳಿಯಬೇಕಾದರೆ ಮತ್ತೆ ದಸ್ತೂರಿ. 1931ರಲ್ಲಿ ವರದಿ ಕೊಟ್ಟ ರಾಯಲ್ ಕಾರ್ಮಿಕ ಆಯೋಗವು ಈ ಜಾಬರನ ಕೈಯಿಂದ ಕೆಲಸಕ್ಕೆ ಸೇರಿಸುವ, ತೆಗೆಯುವ ಅಧಿಕಾರವನ್ನು ಕಿತ್ತುಕೊಳ್ಳಬೇಕೆಂದು ಹೇಳಿತು. ಮುಂದೆ ನಿಲ್ಲಿಸಿದವನು ಹಿಂದಿನವರ ಜೇಬಿಗೆ ಕೈ ಹಾಕಿದ ಕಥೆ ಇದು. ಲೆಕ್ಕ ಕೇಳದ ಗೌರವ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದಕ್ಕೆ ಬೇರೆ ದೃಷ್ಟಾಂತ ಬೇಡ. ಕಂಟ್ರಾಕ್ಟ್ ಕೂಲಿಯ ಈ ಕಾಲದಲ್ಲಿ ಅವನೇ ಹೊಸ ಅಂಗಿ ತೊಟ್ಟು ಗೇಟಿನ ಹೊರಗೆ ನಿಂತಿರುವುದನ್ನು ನೀವು ದಿನವೂ ನೋಡುತ್ತಿದ್ದೀರಿ.

ಹಿರಿತನವನ್ನು ತಲೆಕೆಳಗು ಮಾಡಿ ಸರಿಪಡಿಸಿದವರೂ ಈ ದೇಶದಲ್ಲಿ ಆಗಿಹೋಗಿದ್ದಾರೆ. ಬೌದ್ಧ ವಿನಯ ಗ್ರಂಥದಲ್ಲಿ ಒಂದು ಪ್ರಸಂಗವಿದೆ. ಶಾಕ್ಯ ಕುಲದ ರಾಜಕುಮಾರರು ಕೆಲವರು ಭಿಕ್ಷುಗಳಾಗಲು ಬುದ್ಧನಲ್ಲಿಗೆ ಹೊರಟರು. ಅವರ ಜೊತೆ ಕ್ಷೌರಿಕ ಉಪಾಲಿಯೂ ಬಂದ. ಸಂಘದಲ್ಲಿ ಹಿರಿತನ ಎಣಿಸುವುದು ಹುಟ್ಟಿದ ದಿನದಿಂದಲ್ಲ, ಕುಲದಿಂದಲ್ಲ. ದೀಕ್ಷೆ ಪಡೆದ ದಿನದಿಂದ. ಆಗ ಆ ರಾಜಕುಮಾರರೇ ಬುದ್ಧನನ್ನು ಬೇಡಿಕೊಂಡರಂತೆ: ನಮಗೆ ಕುಲದ ಹೆಮ್ಮೆ ಬಹಳ, ಆದುದರಿಂದ ಉಪಾಲಿಗೆ ಮೊದಲು ದೀಕ್ಷೆ ಕೊಡಿ, ನಾವು ಅವನಿಗೆ ನಮಸ್ಕಾರ ಮಾಡಬೇಕಾಗಲಿ ಎಂದು. ಹಾಗೆಯೇ ಆಯಿತು. ಬುದ್ಧನ ನಂತರ ರಾಜಗೃಹದಲ್ಲಿ ಸೇರಿದ ಮೊದಲ ಸಂಗೀತಿಯಲ್ಲಿ ಸಂಘದ ನಿಯಮಗಳನ್ನೆಲ್ಲ ಒಪ್ಪಿಸಿದವನು ಆ ಉಪಾಲಿಯೇ ಎಂದು ಗ್ರಂಥ ಹೇಳುತ್ತದೆ. ಸೇವೆಯ ದಿನ ಎಣಿಸಿ ಹಿರಿಯನನ್ನು ಗುರುತಿಸುವ ನ್ಯಾಯ ಅಷ್ಟು ಹಳೆಯದು.

ನಮ್ಮ ನಾಡಿನ ಹನ್ನೆರಡನೆಯ ಶತಮಾನದ ಮಾತು ಹೇಳಬೇಕೆ? ಬಿಜ್ಜಳನ ಭಂಡಾರಿಯಾಗಿದ್ದವರನ್ನು ಜನ ಭಂಡಾರಿಯೆಂದು ನೆನೆಯಲಿಲ್ಲ, ಬಸವ‘ಣ್ಣ’ ಎಂದು ನೆನೆದರು. ಇನ್ನೂ ದೊಡ್ಡ ಸಂಗತಿ ಬೇರೆ ಇದೆ. ‘ಅಯ್ಯ’ ಎಂಬುದು ದೊರೆಗೂ ದೇವರಿಗೂ ಗುರುವಿಗೂ ಸಲ್ಲುತ್ತಿದ್ದ ಮಾತು. ಅದು ಯಾರ ಹೆಸರಿಗೆ ಅಂಟಿಕೊಂಡಿತು ನೋಡಿ: ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಮೇದರ ಕೇತಯ್ಯ, ಸಮಗಾರ ಹರಳಯ್ಯ, ಡೋಹರ ಕಕ್ಕಯ್ಯ, ಹಗ್ಗ ಹೊಸೆಯುವ ನುಲಿಯ ಚಂದಯ್ಯ. ಮೊದಲು ಕಸುಬಿನ ಹೆಸರು, ಕಡೆಗೆ ಅಯ್ಯ. ಕಸುಬನ್ನು ಮುಚ್ಚಿಟ್ಟು ಗೌರವ ಕೊಡಲಿಲ್ಲ. ಕಸುಬಿನ ಸಮೇತ ಗೌರವ ಕೊಟ್ಟರು. ನೇಕಾರರ ದಾಸಿಮಯ್ಯನೂ ‘ಜೇಡರ’ ದಾಸಿಮಯ್ಯನಾಗಿಯೇ ಉಳಿದರು. ಇಂದು ಬಿರುದು ಬಂದ ಕೂಡಲೇ ಮೊದಲು ಮರೆಯುವುದು ಕಸುಬಿನ ಹೆಸರನ್ನು.

ಇತ್ತೀಚಿನದೊಂದು ಉದಾಹರಣೆ. ‘ಮಹಾಜನ’ ಎಂದರೆ ನಮ್ಮ ಹಳೆಯ ಶಾಸನಗಳಲ್ಲಿ ಅಗ್ರಹಾರದ ಬ್ರಾಹ್ಮಣರು. ಬಂಗಾಳದಲ್ಲಿ ಬಡ್ಡಿ ಸಾಹುಕಾರ. ಗುಜರಾತಿನಲ್ಲಿ ವರ್ತಕರ ಕೂಟ. ಅಹಮದಾಬಾದಿನಲ್ಲಿ 1918ರಲ್ಲಿ ಗಿರಣಿ ಕೆಲಸಗಾರರು ಗಾಂಧೀಜಿಯವರ ನೇತೃತ್ವದಲ್ಲಿ ಮುಷ್ಕರ ಹೂಡಿ ಕೊನೆಗೆ ನೂರಕ್ಕೆ 35ರಷ್ಟು ಹೆಚ್ಚಳ ಪಡೆದರು. 1920ರಲ್ಲಿ ಅವರು ಸಂಘ ಕಟ್ಟಿದಾಗ ಅದಕ್ಕೆ ಹೆಸರು ‘ಮಜೂರ್ ಮಹಾಜನ’. ವರ್ತಕರ ಗದ್ದುಗೆಯ ಮೇಲಿದ್ದ ಮಾತನ್ನು ಕೂಲಿಯವರು ಕೆಳಗಿಳಿಸಿ ತಮ್ಮ ಬಾಗಿಲಿಗೆ ಹಚ್ಚಿಕೊಂಡರು. ಆ ಸಂಘ ಕಟ್ಟಿದ ಅನಸೂಯಾ ಸಾರಾಭಾಯಿ ಗಿರಣಿ ಧಣಿ ಅಂಬಾಲಾಲ್ ಸಾರಾಭಾಯಿಯವರ ಅಕ್ಕ. ಅಣ್ಣ ತಮ್ಮ ಎನ್ನದೆ ಕೆಲಸಗಾರರ ಪಕ್ಷ ನಿಂತವರು. ಕೆಲಸಗಾರರು ಅವರಿಗೆ ಕೊಟ್ಟ ಬಿರುದು ‘ಮೋಟಾಬೆನ್’, ದೊಡ್ಡಕ್ಕ. ಶಾಲಿಲ್ಲ, ಹಾರವಿಲ್ಲ, ಸಭೆಯ ಠರಾವಿಲ್ಲ. ಜನರ ಬಾಯಿಂದ ತಾನಾಗಿ ಬಂದ ಮಾತು.

ಈ ಮಾತಿನ ಜೊತೆಗೆ ತಾಯಂದಿರ ವಿಚಾರ ಹೇಳದಿದ್ದರೆ ನಾವು ಅರ್ಧ ಮಾತ್ರ ಹೇಳಿದಂತಾಗುತ್ತದೆ. ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ ಅವರ ಹೆಸರು ಕೇಳದ ಕನ್ನಡಿಗರಿಲ್ಲ. 1913ರಲ್ಲಿ ಹುಟ್ಟಿ 2009ರಲ್ಲಿ ತೀರಿಕೊಂಡ ಈ ಮಹಾ ಗಾಯಕಿ ಒಮ್ಮೆ ಹೇಳಿದ ಮಾತಿನ ಭಾವ ಹೀಗಿದೆ: ಹಾಡುವವನು ಮುಸಲ್ಮಾನ ಗಂಡಸಾದರೆ ಉಸ್ತಾದನಾಗುತ್ತಾನೆ, ಹಿಂದೂ ಗಂಡಸಾದರೆ ಪಂಡಿತನಾಗುತ್ತಾನೆ, ಕೇಸರಬಾಯಿ, ಮೋಗೂಬಾಯಿಯರಂಥವರು ಮಾತ್ರ ಬಾಯಿಯರಾಗಿಯೇ ಉಳಿಯುತ್ತಾರೆ. ಎಷ್ಟು ಸಣ್ಣ ಮಾತು, ಎಷ್ಟು ದೊಡ್ಡ ಏಟು! ನಮ್ಮ ಗಿರಣಿಯ ವೈಂಡಿಂಗ್ ಖಾತೆಯಲ್ಲಿ ಇಪ್ಪತ್ತು ವರ್ಷ ನಿಂತು ದುಡಿದು ಹೊಸಬರಿಗೆಲ್ಲ ಕೆಲಸ ಕಲಿಸಿದ ಹೆಂಗಸನ್ನು ಯಾರಾದರೂ ಮೇಸ್ತ್ರಿ ಎಂದು ಕರೆದದ್ದುಂಟೆ? ಅವಳು ಬರಿಯ ‘ಅಮ್ಮ’. ಹೊಸದಾಗಿ ಬಂದ ಹುಡುಗ ಆರು ತಿಂಗಳಲ್ಲಿ ‘ಮೇಸ್ತ್ರಿ’. ‘ಅಮ್ಮ’ ಎಂಬುದು ಒಳ್ಳೆಯ ಮಾತೇ. ಆದರೆ ಸಂಬಳದ ಪಟ್ಟಿಯಲ್ಲಿ ಅಮ್ಮನಿಗೆ ಕಲಂ ಇಲ್ಲ, ಮೇಸ್ತ್ರಿಗೆ ಇದೆ.

ಸರಕಾರದ ಬಿರುದುಗಳ ಸಂಗತಿಯನ್ನೂ ಹೇಳಿಬಿಡುತ್ತೇವೆ. ಇಂಗ್ಲಿಷರ ಕಾಲದಲ್ಲಿ ರಾವ್ ಸಾಹೇಬ್, ರಾವ್ ಬಹದ್ದೂರ್, ದಿವಾನ್ ಬಹದ್ದೂರ್ ಎಂಬ ಏಣಿಯಿತ್ತು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 18ನೆಯ ವಿಧಿ, ಸೈನ್ಯದ ಮತ್ತು ವಿದ್ಯೆಯ ಗೌರವಗಳನ್ನು ಬಿಟ್ಟು, ಸರಕಾರ ಯಾರಿಗೂ ಬಿರುದು ಕೊಡಕೂಡದೆಂದು ವಿಧಿಸಿತು. 1954ರಲ್ಲಿ ಪದ್ಮ ಪ್ರಶಸ್ತಿಗಳು ಬಂದವು. 1977ರಲ್ಲಿ ಜನತಾ ಸರಕಾರ ನಿಲ್ಲಿಸಿತು. 1980ರಲ್ಲಿ ಮತ್ತೆ ಆರಂಭವಾದವು. 1995ರಲ್ಲಿ ಸರ್ವೋಚ್ಚ ನ್ಯಾಯಾಲಯ, ಇವು ಬಿರುದುಗಳಲ್ಲ, ಹೆಸರಿನ ಹಿಂದೆ ಮುಂದೆ ಹಚ್ಚಿಕೊಳ್ಳಬಾರದು ಎಂದು ಸ್ಪಷ್ಟಪಡಿಸಿತು. ಆದರೂ ಲಗ್ನಪತ್ರಿಕೆಯಲ್ಲಿ, ಬ್ಯಾನರಿನಲ್ಲಿ ಹಚ್ಚುವವರು ಹಚ್ಚುತ್ತಲೇ ಇದ್ದಾರೆ. ಕಾನೂನು ಬಿರುದನ್ನು ತೆಗೆಯಬಲ್ಲದು, ಬಿರುದಿನ ಬಯಕೆಯನ್ನು ತೆಗೆಯಲಾರದು.

ಬದಲಾಗಿ ‘ಒಡೆಯ’ ಎಂಬ ಮಾತು ಏನಾಯಿತು ನೋಡಿ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಭತ್ತ ಅಳೆಯುವ ಕೊಳಗದ ಅನ್ಯಾಯದ ವಿರುದ್ಧ ಎದ್ದರು. ಅಲ್ಲಿ ಒಡೆಯರೆಂದರೆ ಭೂಮಿಯ ಧಣಿಗಳು. ಆ ಸತ್ಯಾಗ್ರಹದಲ್ಲಿ ರೈತರನ್ನು ಸಂಘಟಿಸಿದ ಗಣಪತಿಯಪ್ಪನವರು, ಮುಂದೆ ನಿಂತ ಶಾಂತವೇರಿ ಗೋಪಾಲಗೌಡರು, ಬಂದು ಬಂಧನಕ್ಕೊಳಗಾದ ಲೋಹಿಯಾ ಅವರು, ಜೈಲು ತುಂಬಿದ ಒಕ್ಕಲುಗಳು, ಇವರ ಶ್ರಮದ ಜಾಡಿನಲ್ಲಿ ಒಂದು ಘೋಷಣೆ ನಾಡೆಲ್ಲ ಹಬ್ಬಿತು: ಉಳುವವನೇ ಹೊಲದೊಡೆಯ. 1974ರಲ್ಲಿ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಗೇಣಿ ಪದ್ಧತಿಯನ್ನು ತೆಗೆದುಹಾಕಿ ಆ ಘೋಷಣೆಯನ್ನು ಕಾನೂನಿಗೆ ಇಳಿಸಿತು. ಯಾರೂ ಯಾರಿಗೂ ಶಾಲು ಹೊದಿಸಲಿಲ್ಲ. ನೇಗಿಲು ಹಿಡಿದವನಿಗೆ ಒಡೆಯ ಎಂಬ ಮಾತು ಪಹಣಿಯ ಸಮೇತ ಬಂದಿತು. ಪಹಣಿ ಇಲ್ಲದ ಒಡೆತನ, ಲೆಕ್ಕ ಇಲ್ಲದ ಹಿರಿತನ, ಎರಡೂ ಗಾಳಿಯಲ್ಲಿ ಕಟ್ಟಿದ ತೋರಣ.

ಇಲ್ಲಿಗೆ ಮಾತಿನ ಲೆಕ್ಕ ಮುಗಿಯಿತು. ಇನ್ನು ದುಡ್ಡಿನ ಲೆಕ್ಕ.

ಹಿರಿತನಕ್ಕೆ ಕಾನೂನಿನಲ್ಲೂ ಒಂದು ಸ್ಥಾನವಿದೆ. 1947ರ ಕೈಗಾರಿಕಾ ವಿವಾದ ಕಾಯ್ದೆಗೆ 1953ರಲ್ಲಿ ಸೇರಿಸಿದ ಕಲಮಿನ ಪ್ರಕಾರ, ಕೆಲಸಗಾರರನ್ನು ಕಡಿಮೆ ಮಾಡುವಾಗ ಕೊನೆಗೆ ಬಂದವನು ಮೊದಲು ಹೋಗಬೇಕಾಗಿತ್ತು. ಹಳಬನನ್ನು ತೆಗೆಯುವುದಾದರೆ ಕಾರಣವನ್ನು ಬರೆದಿಡಬೇಕಾಗಿತ್ತು. 2020ರ ಕೈಗಾರಿಕಾ ಸಂಬಂಧ ಸಂಹಿತೆಯಲ್ಲಿಯೂ ಆ ತತ್ವ ಉಳಿದಿದೆ. 1972ರ ಗ್ರಾಚ್ಯುಯಿಟಿ ಕಾಯ್ದೆಯು ಸೇವೆಯ ಪ್ರತಿ ವರ್ಷಕ್ಕೆ 15 ದಿನದ ಸಂಬಳ ಎಂಬ ಲೆಕ್ಕ ತಂದಿತು. ತಿಂಗಳ ಸಂಬಳವನ್ನು 26ರಿಂದ ಭಾಗಿಸಿ 15ರಿಂದ ಗುಣಿಸಬೇಕು. ಕೊನೆಯ ಸಂಬಳ 13,000 ರೂಪಾಯಿ ಎಂದಿಟ್ಟುಕೊಳ್ಳಿ: ದಿನಕ್ಕೆ 500, ವರ್ಷಕ್ಕೆ 7,500 ರೂಪಾಯಿ. ಇದು ಧಣಿಯ ದಾನವಲ್ಲ, ಕೆಲಸಗಾರನ ಹಿರಿತನದ ಬೆಲೆ.

ಆದರೆ ಈ ಹಿರಿತನವನ್ನು ಅಳೆಯುವ ಕೊಳಗ ಯಾರ ಕೈಯಲ್ಲಿದೆ? ಹಾಜರಿ ಪುಸ್ತಕ ಬರೆಯುವವನ ಕೈಯಲ್ಲಿ. 1981ರಲ್ಲಿ ಸೊಲ್ಲಾಪುರದ ಗಿರಣಿಯೊಂದರ ಕೆಲಸಗಾರರು ಹೂಡಿದ ದಾವೆಯಲ್ಲಿ ಸರ್ವೋಚ್ಚ ನ್ಯಾಯಾಲಯ, ಬದಲಿ ಕೆಲಸಗಾರರಿಗೆ ವರ್ಷದಲ್ಲಿ 240 ದಿನ ದುಡಿದ ವರ್ಷಗಳಿಗೆ ಮಾತ್ರ ಗ್ರಾಚ್ಯುಯಿಟಿ ಎಂದಿತು. ಬದಲಿಯವನು ಬೆಳಿಗ್ಗೆ ಗೇಟಿನ ಮುಂದೆ ಬಂದು ನಿಲ್ಲುತ್ತಾನೆ. ಕರೆದರೆ ಕೆಲಸ, ಕರೆಯದಿದ್ದರೆ ವಾಪಸು. ಬಂದು ನಿಂತ ದಿನ ಲೆಕ್ಕಕ್ಕಿಲ್ಲ. ದುಡಿದ ದಿನವನ್ನೂ ಬರೆಯದೆ ಬಿಟ್ಟರೆ ಅದೂ ಲೆಕ್ಕಕ್ಕಿಲ್ಲ.

ನಮ್ಮ ಹಿರಿಯರ ಗತಿಯೂ ಇದೇ ಆಗಿದೆ. 31 ವರ್ಷದಲ್ಲಿ 9 ವರ್ಷ ಅವರು ಬದಲಿಯೆಂದು ಬರೆಯಲ್ಪಟ್ಟರು. ಆ 9 ವರ್ಷಗಳಲ್ಲಿ 240 ದಿನ ತುಂಬಲಿಲ್ಲವೆಂದು ಹೇಳಿ 22 ವರ್ಷಕ್ಕೆ ಮಾತ್ರ ಲೆಕ್ಕ ಕಟ್ಟಿದ್ದಾರೆ. ನಾವು ಮೇಲೆ ಹೇಳಿದ ದರದಲ್ಲಿ 9 ವರ್ಷವೆಂದರೆ 67,500 ರೂಪಾಯಿ. ಇನ್ನು ಪಿಂಚಣಿ. 1995ರ ನೌಕರರ ಪಿಂಚಣಿ ಯೋಜನೆಯಲ್ಲಿ ಕನಿಷ್ಠ ಪಿಂಚಣಿಯನ್ನು 2014ರಲ್ಲಿ ತಿಂಗಳಿಗೆ 1,000 ರೂಪಾಯಿ ಎಂದು ನಿಗದಿ ಮಾಡಿದರು. ದಿನಕ್ಕೆ ಮೂವತ್ತಮೂರು ರೂಪಾಯಿ. 2007ರ ಕಾನೂನು ಅರವತ್ತು ತುಂಬಿದವರಿಗೆಲ್ಲ ‘ಹಿರಿಯ ನಾಗರಿಕ’ ಎಂಬ ಹೆಸರು ಕೊಟ್ಟಿತು. 2020ರ ಮಾರ್ಚಿನಲ್ಲಿ ರೈಲಿನ ಟಿಕೇಟಿನಲ್ಲಿ ಅವರಿಗಿದ್ದ ರಿಯಾಯಿತಿಯನ್ನು ನಿಲ್ಲಿಸಲಾಯಿತು. ಹೆಸರು ಉಳಿಯಿತು, ರಿಯಾಯಿತಿ ಇಳಿಯಿತು. ಬಿರುದು ಕೊಡುವುದರಲ್ಲಿ ಸರಕಾರಕ್ಕೆ ಖರ್ಚಿಲ್ಲವಲ್ಲ!

‘ಹಾಗಾದರೆ ಹಿರಿಯರಿಗೆ ಗೌರವ ಬೇಡವೇ? ಗೌರವವೆಂಬುದು ಹೊಟ್ಟೆಯ ಲೆಕ್ಕವೊಂದೇ ಏನು?’ ಎಂದು ಕೇಳುವವರು ಇಲ್ಲಿದ್ದಾರೆ. ಅದು ಯೋಗ್ಯವಾದ ಪ್ರಶ್ನೆ. ಜೀವಮಾನವೆಲ್ಲ ‘ಏನೋ’ ಎನ್ನಿಸಿಕೊಂಡವನಿಗೆ ಒಂದು ದಿನ ಒಂದು ಸಭೆ ಎದ್ದು ನಿಂತು ಕೈಮುಗಿದರೆ ಅದು ಸಣ್ಣ ಸಂಗತಿಯಲ್ಲ. ಶಾಲನ್ನು ನಾವು ಹಗುರ ಮಾಡುವುದಿಲ್ಲ. ಆದರೆ ಶಾಲು ಬಾಕಿಯನ್ನು ಮುಚ್ಚುವ ಹೊದಿಕೆಯಾಗಬಾರದು. ಶಾಲು ಹೊದಿಸಿದ ಚಿತ್ರ ಪತ್ರಿಕೆಯಲ್ಲಿ ಬಂದರೆ, ನೋಡಿರಿ, ಇವರನ್ನು ಚೆನ್ನಾಗಿ ನೋಡಿಕೊಂಡಿದ್ದಾರೆ ಎಂದು ಊರು ನಂಬುತ್ತದೆ. 9 ವರ್ಷದ ಮಾತು ಅಲ್ಲಿಗೆ ಮುಗಿಯುತ್ತದೆ.

ಬಿರುದಿನ ವಿಚಾರ. ‘ಭೀಷ್ಮ’ ಎಂಬ ಹೆಸರನ್ನು ಮೊದಲು ಕೈಬಿಡಿ. ಭೀಷ್ಮ ದೊಡ್ಡವನು, ಸುಳ್ಳಲ್ಲ. ಆದರೆ ತುಂಬಿದ ಸಭೆಗೆ ದ್ರೌಪದಿಯನ್ನು ಎಳೆತಂದಾಗ ಧರ್ಮ ಸೂಕ್ಷ್ಮವೆಂದು ಹೇಳಿ ಕುಳಿತಲ್ಲೇ ಕುಳಿತವನು. ಸಂಘಕ್ಕೆ ಅಂಥ ಹಿರಿಯರು ಬೇಡ. ‘ಪಿತಾಮಹ’ ಎಂಬ ಮಾತಿಗೆ ನಮ್ಮಲ್ಲಿ ಇನ್ನೊಂದು ಒಳ್ಳೆಯ ದಾರಿ ಇದೆ. ಪುರಂದರದಾಸರನ್ನು ಕರ್ನಾಟಕ ಸಂಗೀತದ ಪಿತಾಮಹರೆನ್ನುತ್ತಾರೆ. ಅವರು ಮೊದಲು ದೊಡ್ಡ ಚಿನಿವಾರ ವರ್ತಕರಾಗಿದ್ದು ಎಲ್ಲವನ್ನೂ ಬಿಟ್ಟು ಬಂದರೆಂದು ಸಂಪ್ರದಾಯ ಹೇಳುತ್ತದೆ. ಆದರೆ ಪಿತಾಮಹರೆಂದದ್ದು ಅದಕ್ಕಲ್ಲ. ಇಂದಿಗೂ ಸಂಗೀತ ಕಲಿಯುವ ಮಗು ಮೊದಲು ಹಾಡುವ ಸರಳೆ, ಜಂಟಿ ವರಸೆಗಳ ಪಾಠಕ್ರಮ ಅವರದೆಂದು ಹೇಳುತ್ತಾರೆ, ಅದಕ್ಕಾಗಿ. ತಾನು ಏರಿದ ಎತ್ತರಕ್ಕಿಂತ ಇನ್ನೊಬ್ಬರು ಏರಲು ಹಾಕಿಕೊಟ್ಟ ಮೊದಲ ಮೆಟ್ಟಿಲಿಗೆ ಆ ಹೆಸರು. ನಮ್ಮ ಹಿರಿಯರು ಮಗ್ಗದ ಮುಂದೆ ಮಾಡಿದ್ದೂ ಅದೇ ಕೆಲಸ. ಅವರಿಂದ ಕಲಿತವರೆಲ್ಲ ಅವರನ್ನು ‘ಮೇಷ್ಟ್ರೇ’ ಎನ್ನುತ್ತಾರೆ. ದಾಸೋಜನಿಗೆ ಸಂದದ್ದೂ ಇದೇ ಹೆಸರು. ಇದಕ್ಕಿಂತ ದೊಡ್ಡ ಬಿರುದನ್ನು ನಾವು ಅಚ್ಚು ಹಾಕಿಸಿ ತರಬೇಕಾಗಿಲ್ಲ.

ಆದುದರಿಂದ ನಮ್ಮ ತಿದ್ದುಪಡಿ ಇಷ್ಟು.

ಒಂದು: ಶಾಲಿಗೆಂದು ಎತ್ತುವ ಚಂದಾವನ್ನು ಅರ್ಜಿಯ ಖರ್ಚಿಗೆ ಇಡೋಣ. ಬಾಕಿ ಗ್ರಾಚ್ಯುಯಿಟಿಗಾಗಿ ಕಾರ್ಮಿಕ ಇಲಾಖೆಯ ಅಧಿಕಾರಿಯ ಮುಂದೆ ಅರ್ಜಿ ಹೋಗಲಿ. ಆ 9 ವರ್ಷ ಅವರ ಪಕ್ಕದ ಮಗ್ಗದಲ್ಲಿ ದುಡಿದವರು ಈ ಸಭೆಯಲ್ಲೇ ಇದ್ದಾರೆ. ಅವರು ಹೆಸರು ಬರೆಸಿ ಸಾಕ್ಷಿಗೆ ಬರಬೇಕು. ಹಳೆಯ ಸಂಬಳದ ಚೀಟಿ ಯಾರ ಮನೆಯ ಪೆಟ್ಟಿಗೆಯಲ್ಲಿದ್ದರೂ ಹುಡುಕಿ ತರಬೇಕು. ವರ್ತಕ ಮಿತ್ರರೇ, ಸಂಬಳದ ದಿನ ಅವರು ಉದ್ದರಿ ತೀರಿಸಿದ ಜಮಾ ನಿಮ್ಮ ಹಳೆಯ ಖಾತೆಪುಸ್ತಕಗಳಲ್ಲಿದೆ. ತಿಂಗಳು ತಿಂಗಳೂ ಜಮಾ ಬಿದ್ದಿದ್ದರೆ ತಿಂಗಳು ತಿಂಗಳೂ ಸಂಬಳ ಬಂದಿತ್ತೆಂದೇ ಅರ್ಥ. ಆ ಪುಸ್ತಕ ತಂದುಕೊಡಿ; ಅದು ಒಂದು ಆಸರೆಯಾಗುತ್ತದೆ. ಸಾಹುಕಾರ ಎಂಬ ಮಾತಿನ ಸಾಧುತನವನ್ನು ಉಳಿಸುವ ದಾರಿ ಇದು.

ಎರಡು: ಈಗ ಕೆಲಸದಲ್ಲಿರುವ ಪ್ರತಿಯೊಬ್ಬ ಬದಲಿಯವರೂ, ಕಂಟ್ರಾಕ್ಟಿನವರೂ ತಮ್ಮ ಹಾಜರಿಯನ್ನು ತಾವೇ ಒಂದು ಪುಸ್ತಕದಲ್ಲಿ ಬರೆದಿಟ್ಟು ತಿಂಗಳಿಗೊಮ್ಮೆ ಸಂಘದಲ್ಲಿ ತೋರಿಸಬೇಕು. ಹಿರಿತನದ ಕೊಳಗ ನಮ್ಮ ಕೈಯಲ್ಲೂ ಒಂದಿರಲಿ.

ಮೂರು: ಸಂಘದಲ್ಲಿ ಯಾರೇ ಅಧ್ಯಕ್ಷರಾದರೂ, ಯಾರೇ ಮುಖಂಡರಾದರೂ, ವರ್ಷಕ್ಕೊಮ್ಮೆ ಇದೇ ಸಭೆಯ ಮುಂದೆ ನಿಂತು ಲೆಕ್ಕ ಒಪ್ಪಿಸಬೇಕು. ಭಾಷಣ ಮಾಡುವ ನಮಗೂ ಈ ನಿಯಮ ಸಲ್ಲುತ್ತದೆ.

ನಾಲ್ಕು: ಇದಕ್ಕೆ ಕಾಸು ಬೇಡ, ಠರಾವೂ ಬೇಡ. ಕನ್ನಡದಲ್ಲಿ ಗೌರವವೆಂಬುದು ‘ನೀನು’ ‘ನೀವು’ ಎಂಬ ಎರಡು ಮಾತುಗಳ ನಡುವೆ ಇದೆ. ಗಿರಣಿಯಲ್ಲಿ, ಮಂಡಿಯಲ್ಲಿ, ಅಂಗಡಿಯ ಕಟ್ಟೆಯಲ್ಲಿ, ಹಮಾಲರನ್ನೂ ಜಾಡಮಾಲಿಯವರನ್ನೂ ವೈಂಡಿಂಗ್ ಖಾತೆಯ ತಾಯಂದಿರನ್ನೂ ನಾಳೆ ಬೆಳಿಗ್ಗೆಯಿಂದ ನೀವು ಎಂದೇ ಕರೆಯೋಣ.

ಸೂಚನೆ ನಿಮ್ಮ ಮುಂದಿದೆ, ತಿದ್ದುಪಡಿಯೂ ನಿಮ್ಮ ಮುಂದಿದೆ. ಒಪ್ಪುವವರು ಕೈ ಎತ್ತಿ. ಕೈ ಎತ್ತಿದವರು ಹೋಗುವ ಮೊದಲು ಮೇಜಿನ ಬಳಿ ಬಂದು ಸಾಕ್ಷಿಯ ಪಟ್ಟಿಯಲ್ಲಿ ಹೆಸರು ಬರೆಸಿ.